ಅವ್ಗೊಲೆಮೊನೊ ಸೂಪ್: ಮೊಟ್ಟೆ ಒಡೆದು ಚೂರಾಗುತ್ತಿದೆ, ಏನು ಮಾಡಲಿ?

ಸೌಟು_ಸಟ್ಟುಗ: ಗ್ರೀಕರ ಮೊಟ್ಟೆ-ನಿಂಬೆ ಸೂಪ್. ಒಂದೂವರೆ ಲೀಟರ್ ಕೋಳಿ ಸ್ಟಾಕ್ (ಕೋಳಿ ಬೇಯಿಸಿ ಸೋಸಿದ ನೀರು), 100 ಗ್ರಾಂ ಬಾಸ್ಮತಿ, 3 ಮೊಟ್ಟೆ, 4 ನಿಂಬೆಹಣ್ಣಿನ ರಸ. ಮೊಟ್ಟೆಗೆ ರಸ ಬೆರೆಸಿ ಕುದಿಯುವ ಸ್ಟಾಕಿಗೆ ಸುರಿದು ಎರಡು ನಿಮಿಷ ಕುದಿಸಿದೆ. ಮೇಲೆ ಬಿಳಿ ಚೂರು, ಕೆಳಗೆ ತೆಳ್ಳನೆ ನೀರು. ಅಂದಹಾಗೆ, ಇದೇ ಹೆಸರಿನ ಕೆಲವು ರೆಸಿಪಿಗಳಲ್ಲಿ ಅಕ್ಕಿಯೂ ಇಲ್ಲ, ಕೋಳಿಯೂ ಇಲ್ಲ. ಯಾವುದು ಸರಿ?

ಹದಪಾಕ: ಅಳತೆ ಸರಿಯಿದೆ, ಕೆಡಿಸಿದ್ದು ಕುದಿ. ಮೊಟ್ಟೆ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ. ಸ್ಟಾಕು, ಗಂಜಿ ಬೆರೆತರೆ ಇನ್ನೊಂದಿಷ್ಟು ತಡೆದುಕೊಳ್ಳುತ್ತದೆ, ಕುದಿಗೆ ಮಾತ್ರ ಉಳಿಯುವುದಿಲ್ಲ.

ಅಕ್ಕಿ ಬೆಂದ ಮೇಲೆ ಒಲೆ ಆರಿಸಿ ಐದು ನಿಮಿಷ ಬಿಡಿ. ಅಷ್ಟರಲ್ಲಿ ಬಿಳಿಭಾಗವನ್ನು ನೊರೆ ಬರುವಂತೆ ಕಡೆದು, ಹಳದಿ ಸೇರಿಸಿ, ರಸವನ್ನು ಸ್ವಲ್ಪಸ್ವಲ್ಪವಾಗಿ ಹಾಕಿ. ಈಗ ಬಿಸಿ ಸ್ಟಾಕನ್ನು ಸಣ್ಣ ಧಾರೆಯಾಗಿ, ಕೈ ನಿಲ್ಲಿಸದೆ ಕಡೆಯುತ್ತಾ, ಮೊಟ್ಟೆಯ ಬಟ್ಟಲಿಗೆ ಬಿಡಿ. ಮೂರು ಸೌಟು ಆಗಬೇಕು; ಮೊದಲನೆಯದೇ ನಾಜೂಕಿನದು. ಬಟ್ಟಲು ಬೆಚ್ಚಗಾದ ಮೇಲೆ ಎಲ್ಲವನ್ನೂ ಪಾತ್ರೆಗೆ ಮರಳಿಸಿ, ತೀರಾ ಸಣ್ಣ ಉರಿಯಲ್ಲಿ ತಿರುವಿ. ಥರ್ಮಾಮೀಟರ್ ಇದ್ದರೆ 75 ತೋರಿಸಿದಾಗ ಇಳಿಸಿ. ಮೊಟ್ಟೆಯೂ ಬೆಂದಿರುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಲೋಹದ ರುಚಿ ಬಿಡುತ್ತದೆ, ಸ್ಟೀಲ್ ಸಾಕು.

ಗಂಜಿಗಡಿಗೆ: ಬಾಸ್ಮತಿಯೂ ಒಂದು ಕಾರಣ. ಕಾಳು ಬಿಡಿಬಿಡಿಯಾಗಿ ಉಳಿದು ಗಂಜಿ ಕಡಿಮೆ ಬಿಡುತ್ತದೆ. ಮೊಟ್ಟೆ ಮುದ್ದೆಗಟ್ಟದಂತೆ ತಡೆಯುವುದೇ ಆ ಗಂಜಿ. ಗ್ರೀಸಿನಲ್ಲಿ ಹಾಕುವುದು ಗಿಡ್ಡ ಕಾಳಿನ ಅಕ್ಕಿ. ಅದು ಸಿಗದಿದ್ದರೆ ಸೋನಾ ಮಸೂರಿಯನ್ನು ಮೆತ್ತಗೆ ಬೇಯಿಸಿ, ಇಲ್ಲವೇ ಮೊಟ್ಟೆಗೆ ಒಂದು ಟೀ ಚಮಚ ಕಾರ್ನ್‌ಫ್ಲೋರ್ ಕದಡಿ.

ಹೆಸರಿನ ವಿಷಯ: 'ಅವ್ಗೊ' ಮೊಟ್ಟೆ, 'ಲೆಮೋನಿ' ನಿಂಬೆ. ಹೆಸರು ಆ ಮಿಶ್ರಣದ್ದು, ಹಾಗಾಗಿ ಎರಡೂ ಸರಿ. ಕೋಳಿ ಸೂಪ್ ಬೇಕಿದ್ದರೆ 'ಕೊಟೊಸುಪಾ ಅವ್ಗೊಲೆಮೊನೊ' ಎಂದು ಹುಡುಕಿ. ಎಲೆಕೋಸಿನ ಸುರುಳಿ 'ಲಹನೊಡೊಲ್ಮಾದೆಸ್' ಮೇಲೆ ಸುರಿಯುವ ದಪ್ಪ ಸಾಸ್ ಕೂಡ ಇದೇ. ಈಸ್ಟರ್ ಹಿಂದಿನ ರಾತ್ರಿಯ 'ಮಯಿರಿತ್ಸಾ' ಸೂಪಿಗೆ ಕುರಿಮರಿಯ ಒಳಾಂಗಗಳ ಜೊತೆ ಕೊನೆಗೆ ಬೀಳುವುದೂ ಇದೇ.

ಸೌಟು_ಸಟ್ಟುಗ: ಈಗ ಒಡೆದಿರುವುದನ್ನು ಚೆಲ್ಲಬೇಕಾ?

ಹದಪಾಕ: ಬೇಡ. ಅಕ್ಕಿ, ಕೋಳಿ ಸೋಸಿ ತೆಗೆದು, ಉಗುರುಬೆಚ್ಚಗಾದ ಮೇಲೆ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ. ರೇಷ್ಮೆಯಂಥ ನಯ ಬಾರದು, ರುಚಿ ಕೆಟ್ಟಿರುವುದಿಲ್ಲ. ಮರುದಿನಕ್ಕೂ ಬೇಕಿದ್ದರೆ ಮೊಟ್ಟೆ ಹಾಕದ ಸ್ಟಾಕನ್ನೇ ಫ್ರಿಜ್ಜಿನಲ್ಲಿಡಿ, ಊಟದ ಹೊತ್ತಿಗೆ ಬೇಕಾದಷ್ಟಕ್ಕೆ ಮಾತ್ರ ಮೊಟ್ಟೆ-ನಿಂಬೆ ಸೇರಿಸಿ.