ಸಿ.ಟಿ. ರಿಪೋರ್ಟ್ ಓದಿ ತಲೆ ಕೆಟ್ಟಿದೆ: ನನಗೆ ಸೈನಸ್ ಇದೆಯಾ ಮೇಡಂ?

ಪ್ರಶ್ನೆ

ಮೇಡಂ, ಮೂರು ತಿಂಗಳಿಂದ ಮೂಗು ಕಟ್ಟುತ್ತಿದೆ. ಹಣೆ ಭಾರ, ಕೆನ್ನೆ ಭಾರ. ಇಎನ್‌ಟಿ ಡಾಕ್ಟರು ಸಿ.ಟಿ. ಸ್ಕ್ಯಾನ್ ಬರೆದುಕೊಟ್ಟರು. ಅವರನ್ನು ಮತ್ತೆ ನೋಡುವುದು ಮುಂದಿನ ವಾರ. ಅಷ್ಟರಲ್ಲಿ ರಿಪೋರ್ಟ್ ಕೈಗೆ ಬಂತು. ಓದಿದೆ, ಓದಬಾರದಿತ್ತು. ‘ಸೆಪ್ಟಮ್ ಎಡಕ್ಕೆ ಡೀವಿಯೇಟ್ ಆಗಿದೆ, ಬಲಗಡೆ ಕಾಂಕಾ ಬುಲ್ಲೋಸಾ, ಬಲ ಮ್ಯಾಕ್ಸಿಲರಿ ಸೈನಸ್‌ನಲ್ಲಿ ಮ್ಯೂಕೋಸಲ್ ಥಿಕನಿಂಗ್’ ಅಂತ ಇದೆ. ಅಂದರೆ ನನಗೆ ಸೈನಸ್ ಇದೆ ಅಂತಾನಾ? ಆಪರೇಶನ್ ಆಗಬೇಕಾ?

ಡಾಕ್ಟರ್ ಉತ್ತರ

ಸೈನಸ್ ನಿಮಗೂ ಇದೆ, ನನಗೂ ಇದೆ, ಈ ಗುಂಪಿನಲ್ಲಿರುವ ಎಲ್ಲರಿಗೂ ಇದೆ. ಅದು ಕಾಯಿಲೆಯ ಹೆಸರಲ್ಲ. ಮುಖದ ಮೂಳೆಗಳ ಒಳಗೆ ಗಾಳಿ ತುಂಬಿದ ಟೊಳ್ಳು ಜಾಗಗಳಿವೆ, ಅವಕ್ಕೆ ಸೈನಸ್ ಅನ್ನುತ್ತೇವೆ. ಅದರ ಒಳಪೊರೆ ಊದಿಕೊಂಡರೆ ಸೈನಸೈಟಿಸ್. ‘ನನಗೆ ಸೈನಸ್ ಇದೆ’ ಅನ್ನುವುದು ‘ನನಗೆ ಹೊಟ್ಟೆ ಇದೆ’ ಅಂದ ಹಾಗೆ.

ಇಂಥ ಟೊಳ್ಳುಗಳು ನಾಲ್ಕು ಜೊತೆ. ಕೆನ್ನೆಯೊಳಗಿನದು ಮ್ಯಾಕ್ಸಿಲರಿ, ಎಲ್ಲಕ್ಕಿಂತ ದೊಡ್ಡದು. ದೊಡ್ಡವರಲ್ಲಿ ಒಂದೊಂದು ಸುಮಾರು 15 ಮಿಲಿಲೀಟರ್ ಹಿಡಿಯುತ್ತದೆ. ಹುಬ್ಬಿನ ಮೇಲಿನದು ಫ್ರಂಟಲ್. ಎರಡು ಕಣ್ಣುಗಳ ನಡುವೆ ಜೇನುಗೂಡಿನ ಥರ ಪುಟ್ಟ ಪುಟ್ಟ ಕೋಣೆಗಳಿವೆ, ಅದು ಎತ್ಮಾಯ್ಡ್. ಎಲ್ಲಕ್ಕಿಂತ ಹಿಂದೆ, ತಲೆಬುರುಡೆಯ ಹೆಚ್ಚುಕಮ್ಮಿ ನಟ್ಟನಡುವೆ ಸ್ಫೀನಾಯ್ಡ್. ಎಲ್ಲವೂ ಮೂಗಿನೊಳಕ್ಕೇ ಬಾಗಿಲು ತೆರೆಯುತ್ತವೆ.

ಈಗ ನಿಮ್ಮ ರಿಪೋರ್ಟ್. ಸೆಪ್ಟಮ್ ಅಂದರೆ ಎರಡು ಹೊಳ್ಳೆಗಳ ನಡುಗೋಡೆ. ಮುಂದೆ ಕಿವಿಯಲ್ಲಿರುವಂಥ ಮೆತ್ತನೆಯ ಎಲುಬು, ಹಿಂದೆ ತೆಳು ಮೂಳೆ. ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನೇರವಾಗಿರುವ ನಡುಗೋಡೆಯನ್ನು ನಾನು ನೋಡಿದ್ದೇ ಕಡಿಮೆ. ಕಾಂಕಾ ಬುಲ್ಲೋಸಾ ಹೆಸರು ಕೇಳಿದರೆ ಭಯ ಆಗುತ್ತದೆ, ಅಷ್ಟೆ. ಮೂಗಿನ ಹೊರಗೋಡೆಯಿಂದ ಒಳಕ್ಕೆ ಮೂರು ಮೂಳೆಯ ಮಡಿಕೆಗಳು ಚಾಚಿಕೊಂಡಿವೆ, ಟರ್ಬಿನೇಟ್ ಅಂತ. ನಡುವಿನ ಮಡಿಕೆಯೊಳಗೆ ಗಾಳಿಯ ಗೂಡು ಇದ್ದರೆ ಅದೇ ಕಾಂಕಾ ಬುಲ್ಲೋಸಾ. ಮೂಗು ಬೆಳೆಯುವಾಗ ಬಂದ ರಚನೆ, ಗಡ್ಡೆಯಲ್ಲ. ಬಲಗಡೆ ಅದು ಉಬ್ಬಿದ್ದರೆ ನಡುಗೋಡೆ ಎಡಕ್ಕೆ ವಾಲಿರುವುದು ಬಹಳ ಸಲ ಕಾಣುತ್ತದೆ. ಹಾಗಾಗಿ ನಿಮ್ಮ ರಿಪೋರ್ಟ್‌ನ ಮೊದಲ ಎರಡು ಸಾಲು ಎರಡು ತೊಂದರೆಗಳಲ್ಲ. ಒಂದೇ ಮೂಗಿನ ಒಂದೇ ಆಕಾರ.

ಮೂರನೆಯದು, ಪೊರೆ ದಪ್ಪವಾಗಿರುವುದು. ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದ, ಮೂಗಿನ ತೊಂದರೆಯೇ ಇಲ್ಲದವರಲ್ಲೂ ಇದು ಸಿಗುತ್ತದೆ. ಸ್ಕ್ಯಾನ್‌ಗೆ ಮೊದಲು ನೆಗಡಿ ಆಗಿದ್ದರೂ ಸಾಕು. ಚಿಕಿತ್ಸೆ ಮಾಡುವುದು ನಿಮಗೆ, ರಿಪೋರ್ಟ್‌ಗಲ್ಲ. ನೋಡಬೇಕಾದ ಜಾಗ ಬಾಗಿಲು. ನಡುವಿನ ಟರ್ಬಿನೇಟ್ ಕೆಳಗೆ ಒಂದು ಸಂದು ಇದೆ. ಮ್ಯಾಕ್ಸಿಲರಿ, ಫ್ರಂಟಲ್, ಎತ್ಮಾಯ್ಡ್‌ನ ಮುಂದಿನ ಕೋಣೆಗಳು, ಮೂರೂ ಅಲ್ಲಿಗೇ ಸುರಿಯುತ್ತವೆ. ಕೆಲವೇ ಮಿಲಿಮೀಟರ್ ಅಗಲದ ಆ ಸಂದು ಊದಿ ಮುಚ್ಚಿದರೆ ಮೂರು ಕೋಣೆಗಳೂ ಬಂದ್.

ಪ್ರಶ್ನೆ ಕೇಳಿದವರು

ಕೆನ್ನೆಯೊಳಗಿನದು ತುಂಬಿಕೊಂಡರೆ ಕೆಳಗಿನಿಂದ ತಾನೇ ಇಳಿದುಹೋಗಬೇಕಲ್ವಾ ಮೇಡಂ? ಯಾಕೆ ನಿಲ್ಲುತ್ತದೆ?

ಡಾಕ್ಟರ್ ಉತ್ತರ

ಒಳ್ಳೆ ಪ್ರಶ್ನೆ. ಇದು ನನಗೆ ಬಹಳ ಇಷ್ಟದ ವಿಷಯ, ಸ್ವಲ್ಪ ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ಮ್ಯಾಕ್ಸಿಲರಿ ಸೈನಸ್‌ನ ಬಾಗಿಲು ತಳದಲ್ಲಿಲ್ಲ. ಒಳಗೋಡೆಯ ಮೇಲ್ಭಾಗದಲ್ಲಿ, ಛಾವಣಿಗೆ ಹತ್ತಿರ ಇದೆ. ನೀರಿನ ತೊಟ್ಟಿಗೆ ನಲ್ಲಿಯನ್ನು ಅಂಚಿನ ಹತ್ತಿರ ಕೂರಿಸಿದ ಹಾಗೆ. ನಿಂತಾಗ, ಕೂತಾಗ ತಾನಾಗಿ ಏನೂ ಇಳಿಯುವುದಿಲ್ಲ. ಒಳಪೊರೆಯ ಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮ ರೋಮಗಳಿವೆ. ಅವು ಎಲ್ಲವೂ ಒಂದೇ ದಿಕ್ಕಿಗೆ ಬಡಿಯುತ್ತಾ, ಲೋಳೆಯನ್ನು ತಳದಿಂದ ಗೋಡೆಯ ಮೇಲೆ ಹತ್ತಿಸಿ ಬಾಗಿಲವರೆಗೆ ತಳ್ಳುತ್ತವೆ. ಹಗಲು ರಾತ್ರಿ ಈ ಕೆಲಸ ನಡೆದೇ ಇರುತ್ತದೆ. ನಮಗೆ ಗೊತ್ತೂ ಆಗುವುದಿಲ್ಲ.

ಹಿಂದೆ ಸರ್ಜನ್‌ಗಳು ‘ಬಾಗಿಲು ಮೇಲಿದ್ದರೆ ಏನಂತೆ, ಕೆಳಗೆ ಇನ್ನೊಂದು ತೂತು ಮಾಡೋಣ’ ಅಂದುಕೊಂಡರು. ಮಾಡಿದರು ಕೂಡ. ಆದರೆ ರೋಮಗಳು ಹೊಸ ತೂತನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಅದರ ಪಕ್ಕದಲ್ಲೇ ಹಾದು, ಲೋಳೆಯನ್ನು ಹಳೆಯ ಬಾಗಿಲಿಗೇ ಒಯ್ದವು. ಆಸ್ಟ್ರಿಯಾದ ಗ್ರಾಜ್ ನಗರದ ಇಎನ್‌ಟಿ ವೈದ್ಯ ವಾಲ್ಟರ್ ಮೆಸ್ಸರ್‌ಕ್ಲಿಂಗರ್ ಈ ದಾರಿಗಳನ್ನು ವರ್ಷಗಟ್ಟಲೆ ಗಮನಿಸಿ ತೋರಿಸಿದರು. ಮೂಗಿನೊಳಗೆ ದುರ್ಬೀನು ಹಾಕಿ ಮಾಡುವ ಇವತ್ತಿನ ಆಪರೇಶನ್ ನಿಂತಿರುವುದು ಅದರ ಮೇಲೆ. ಹೊಸ ತೂತು ಬೇಡ, ಹುಟ್ಟಿನಿಂದ ಇರುವ ಬಾಗಿಲನ್ನೇ ಬಿಡಿಸಿ ಕೊಟ್ಟರೆ ಸಾಕು.

ಒಂದು ಸಣ್ಣ ಉಪಾಯ: ಬಲಗೆನ್ನೆ ಭಾರ ಇದ್ದರೆ ಎಡಗಡೆ ಮಗ್ಗುಲಾಗಿ ಮಲಗಿ. ಆಗ ಬಲ ಸೈನಸ್‌ನ ಬಾಗಿಲು ಕೆಳಮುಖ ಆಗುತ್ತದೆ. ಬಾಗಿಲು ಪೂರ್ತಿ ಮುಚ್ಚಿರದಿದ್ದರೆ ಸ್ವಲ್ಪ ಹಗುರ ಅನ್ನಿಸಬಹುದು.

ಇನ್ನೊಬ್ಬ ಸದಸ್ಯರು

ಮೇಡಂ, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನಗೆ ಯಾವಾಗಲೂ ಒಂದೇ ಹೊಳ್ಳೆ ಕಟ್ಟುತ್ತದೆ. ಬೆಳಿಗ್ಗೆ ಎಡ, ಮಧ್ಯಾಹ್ನ ಬಲ. ಇದೂ ಸೆಪ್ಟಮ್ ತೊಂದರೆನಾ?

ಡಾಕ್ಟರ್ ಉತ್ತರ

ಅಲ್ಲ. ಗೋಡೆ ಮಧ್ಯಾಹ್ನದ ಹೊತ್ತಿಗೆ ಆ ಕಡೆಯಿಂದ ಈ ಕಡೆಗೆ ವಾಲುವುದಿಲ್ಲವಲ್ಲ. ಟರ್ಬಿನೇಟ್‌ಗಳ ಪೊರೆಯಲ್ಲಿ ರಕ್ತ ತುಂಬಿಕೊಳ್ಳುವ ಸ್ಪಂಜಿನಂಥ ಜಾಗವಿದೆ. ಒಂದು ಕಡೆ ಊದಿದಾಗ ಇನ್ನೊಂದು ಕಡೆ ಇಳಿಯುತ್ತದೆ, ಕೆಲವು ಗಂಟೆಗಳಿಗೊಮ್ಮೆ ಪಾಳಿ ಬದಲು. 1895ರಲ್ಲೇ ಜರ್ಮನ್ ವೈದ್ಯ ರಿಚರ್ಡ್ ಕೈಸರ್ ಇದನ್ನು ಬರೆದಿಟ್ಟಿದ್ದಾರೆ. ಆರೋಗ್ಯವಂತರಲ್ಲೂ ನಡೆಯುತ್ತದೆ, ಗಮನಕ್ಕೆ ಬರುವುದಿಲ್ಲ. ಅಲರ್ಜಿ ಇದ್ದು ಪೊರೆ ಮೊದಲೇ ಊದಿದ್ದರೆ ಗಮನಕ್ಕೆ ಬರುತ್ತದೆ. ಸದಾ ಒಂದೇ ಕಡೆ ಕಟ್ಟಿರುವುದು ಬೇರೆ ಮಾತು, ಅದನ್ನು ತೋರಿಸಿಕೊಳ್ಳಿ.

ಮತ್ತೊಬ್ಬರು

ನೆಗಡಿ ಜೋರಾದಾಗಲೆಲ್ಲ ನನಗೆ ಮೇಲಿನ ದವಡೆ ಹಲ್ಲು ನೋಯುತ್ತದೆ. ಹಲ್ಲಿನ ಡಾಕ್ಟರು ಹಲ್ಲು ಚೆನ್ನಾಗಿದೆ ಅನ್ನುತ್ತಾರೆ. ನನ್ನ ಮಾತು ಯಾರೂ ನಂಬುತ್ತಿಲ್ಲ.

ಡಾಕ್ಟರ್ ಉತ್ತರ

ನಾನು ನಂಬುತ್ತೇನೆ. ಮೇಲಿನ ದವಡೆ ಹಲ್ಲುಗಳ ಬೇರು ಮ್ಯಾಕ್ಸಿಲರಿ ಸೈನಸ್‌ನ ನೆಲಕ್ಕೆ ತಾಗಿಕೊಂಡಿರುತ್ತದೆ. ಕೆಲವರಲ್ಲಿ ನಡುವಿನ ಮೂಳೆ ಕಾಗದದಷ್ಟು ತೆಳು, ಕೆಲವರಲ್ಲಿ ಬರೀ ಪೊರೆ. ಆ ಹಲ್ಲುಗಳಿಗೆ ಹೋಗುವ ನರಗಳು ಸೈನಸ್‌ನ ಗೋಡೆಯಲ್ಲೇ ಹಾದುಹೋಗುತ್ತವೆ. ಗೋಡೆ ಊದಿದರೆ ಮೆದುಳಿಗೆ ಸಿಗುವ ಸುದ್ದಿ ‘ಹಲ್ಲು ನೋವು’. ಬಗ್ಗಿದಾಗ, ಮೆಟ್ಟಿಲು ಇಳಿಯುವಾಗ ಸಾಲಾಗಿ ಮೂರ್ನಾಲ್ಕು ಹಲ್ಲು ಒಟ್ಟಿಗೆ ನೋಯುತ್ತಿದ್ದರೆ ಸೈನಸ್ ಕಡೆ ನೋಡಬೇಕು.

ಉಲ್ಟಾನೂ ಆಗುತ್ತದೆ. ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಕೀವು ಬರುತ್ತಿದ್ದರೆ ನಾನು ಮೊದಲು ಆ ಕಡೆಯ ಹಲ್ಲು ನೋಡಿಸುತ್ತೇನೆ. ಹಲ್ಲಿನ ಸೋಂಕು ಮೇಲಕ್ಕೆ ಹತ್ತಿರಬಹುದು. ಚಿಕ್ಕ ಮಕ್ಕಳಲ್ಲಾದರೆ ಒಂದೇ ಕಡೆಯ ಕೆಟ್ಟ ವಾಸನೆಗೆ ಮೂಗಿನೊಳಗೆ ಮಣಿಯೋ ಸ್ಪಂಜಿನ ತುಂಡೋ ಇರುತ್ತದೆ. ಸಣ್ಣ ಬಟನ್ ಬ್ಯಾಟರಿ ಇರಬಹುದು ಅಂತ ಅನುಮಾನ ಬಂದರೆ ಕಾಯಲೇಬೇಡಿ. ಕೆಲವು ಗಂಟೆಯೊಳಗೇ ಅದು ನಡುಗೋಡೆಯನ್ನು ಸುಡುತ್ತದೆ.

ಒಬ್ಬ ತಾಯಿ

ಮಕ್ಕಳ ಮಾತು ಬಂತಲ್ಲ ಅಂತ ಕೇಳುತ್ತಿದ್ದೇನೆ. ನನ್ನ ಮಗಳಿಗೆ ನಾಲ್ಕು ವರ್ಷ. ನೆಗಡಿ ಆದಾಗ ಹಣೆ ಹಿಡಿದುಕೊಳ್ಳುತ್ತಾಳೆ. ಹಣೆಯ ಸೈನಸ್ ತುಂಬಿದೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ.

ಡಾಕ್ಟರ್ ಉತ್ತರ

ತುಂಬಲು ಆ ಕೋಣೆ ಇನ್ನೂ ಸರಿಯಾಗಿ ಕಟ್ಟಿಯೇ ಇಲ್ಲಮ್ಮ. ಹುಟ್ಟುವಾಗ ಇರುವುದು ಎತ್ಮಾಯ್ಡ್ ಮತ್ತು ಪುಟ್ಟ ಮ್ಯಾಕ್ಸಿಲರಿ. ಹಣೆಯ ಸೈನಸ್ ನಿಧಾನಕ್ಕೆ ಮೇಲಕ್ಕೆ ಬೆಳೆಯುತ್ತದೆ. ಎಕ್ಸ್‌ರೇಯಲ್ಲಿ ಕಾಣುವ ಹೊತ್ತಿಗೆ ಮಗುವಿಗೆ ಆರೇಳು ವರ್ಷ ದಾಟಿರುತ್ತದೆ, ಪೂರ್ತಿ ಆಗುವುದು ಹದಿಹರೆಯ ಮುಗಿಯುವಾಗ. ಕೆಲವರಲ್ಲಿ ಒಂದು ಕಡೆ ಬೆಳೆಯುವುದೇ ಇಲ್ಲ, ಅದರಿಂದ ಏನೂ ತೊಂದರೆ ಇಲ್ಲ.

ಈ ವಯಸ್ಸಲ್ಲಿ ನನಗೆ ಭಯ ಇರುವುದು ಎತ್ಮಾಯ್ಡ್ ಬಗ್ಗೆ. ಅದಕ್ಕೂ ಕಣ್ಣಿನ ಗೂಡಿಗೂ ನಡುವೆ ಇರುವ ಮೂಳೆಗೆ ಲ್ಯಾಟಿನ್‌ನಲ್ಲಿ ಹೆಸರಿಟ್ಟಿರುವುದೇ ‘ಕಾಗದದ ಹಾಳೆ’ ಅನ್ನುವ ಅರ್ಥದಲ್ಲಿ. ಸೋಂಕು ಸುಲಭವಾಗಿ ದಾಟುತ್ತದೆ. ನೆಗಡಿಯ ಜೊತೆ ಜ್ವರ ಬಂದು ಒಂದು ಕಣ್ಣಿನ ರೆಪ್ಪೆ ಕೆಂಪಾಗಿ ಊದಿದರೆ, ಕಣ್ಣು ಮುಂದೆ ಬಂದ ಹಾಗೆ ಕಂಡರೆ, ಅತ್ತಿತ್ತ ಹೊರಳಿಸಲು ಆಗದಿದ್ದರೆ, ಎರಡೆರಡು ಕಾಣುತ್ತಿದೆ ಅಂದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ರಾತ್ರಿಯಾದರೂ ಸರಿ.

ಇನ್ನೊಬ್ಬ ಸದಸ್ಯರು

ನನ್ನ ಎಂ.ಆರ್.ಐ.ಯಲ್ಲಿ ‘ಕ್ಯಾವರ್ನಸ್ ಸೈನಸ್ ನಾರ್ಮಲ್’ ಅಂತ ಇದೆ. ನೀವು ಹೇಳಿದ ನಾಲ್ಕರಲ್ಲಿ ಇದು ಇಲ್ಲವಲ್ಲ?

ಡಾಕ್ಟರ್ ಉತ್ತರ

ಇಲ್ಲ, ಯಾಕೆಂದರೆ ಅದು ಗಾಳಿಯ ಸೈನಸ್ ಅಲ್ಲ, ರಕ್ತದ್ದು. ಸೈನಸ್ ಅನ್ನುವ ಲ್ಯಾಟಿನ್ ಪದಕ್ಕೆ ಮಡಿಕೆ, ಕೊಲ್ಲಿ ಅನ್ನುವಂಥ ಅರ್ಥಗಳಿವೆ. ಹಿಂದಿನವರು ಟೊಳ್ಳು ಕಂಡಲ್ಲೆಲ್ಲ ಅದೇ ಹೆಸರು ಇಟ್ಟುಬಿಟ್ಟರು. ಮೊದಲ ವರ್ಷದ ವೈದ್ಯ ವಿದ್ಯಾರ್ಥಿಗಳೂ ಇಲ್ಲಿ ಎಡವುತ್ತಾರೆ. ಮೆದುಳಿನಿಂದ ವಾಪಸ್ ಬರುವ ರಕ್ತ ಮೆದುಳಿನ ಹೊದಿಕೆಯ ಪದರಗಳ ನಡುವಿನ ಕಾಲುವೆಗಳಲ್ಲಿ ಹರಿಯುತ್ತದೆ. ಅವಕ್ಕೂ ಸೈನಸ್ ಅಂತಲೇ ಹೆಸರು. ಸ್ಫೀನಾಯ್ಡ್‌ನ ಎರಡು ಪಕ್ಕದಲ್ಲಿ ಇರುವುದು ಕ್ಯಾವರ್ನಸ್. ಮೆದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ನಾಳ ಇದರೊಳಗೇ ಹಾದುಹೋಗುತ್ತದೆ. ಕಣ್ಣನ್ನು ಆಡಿಸುವ ಮೂರು ನರಗಳು, ಹಣೆ ಮತ್ತು ಕೆನ್ನೆಯ ಸ್ಪರ್ಶ ತರುವ ನರಗಳೂ ಅಲ್ಲೇ.

ಮೂಗು ಮತ್ತು ಮೇಲ್ತುಟಿಯ ಸುತ್ತಲಿನ ರಕ್ತನಾಳಗಳಿಗೆ ಕಣ್ಣಿನ ಗೂಡಿನ ಮೂಲಕ ಇದರ ಜೊತೆ ಸಂಪರ್ಕ ಇದೆ. ಅದಕ್ಕೇ ಆ ಜಾಗದ ಕೀವುಗುಳ್ಳೆಯನ್ನು ಹಿಸುಕಬೇಡಿ ಅನ್ನುವುದು. ಅಪಾಯ ಅಪರೂಪ, ಆದರೆ ಆದಾಗ ದೊಡ್ಡದು.

ಮತ್ತೊಬ್ಬರು

ನಮ್ಮ ದೊಡ್ಡಪ್ಪನಿಗೆ ಪಿಟ್ಯುಟರಿ ಗಡ್ಡೆ. ಮೂಗಿನಿಂದಲೇ ತೆಗೆಯುತ್ತೇವೆ ಅಂದಿದ್ದಾರೆ. ಮೆದುಳಿನ ಆಪರೇಶನ್ ಮೂಗಿನಿಂದ ಅಂದರೆ ಮನೆಯಲ್ಲಿ ಯಾರಿಗೂ ನಂಬಿಕೆ ಬರುತ್ತಿಲ್ಲ.

ಡಾಕ್ಟರ್ ಉತ್ತರ

ನಂಬಬಹುದು, ಈಗ ಅದೇ ರೂಢಿಯ ದಾರಿ. ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಒಂದು ಬಟಾಣಿ ಕಾಳಿನಷ್ಟು ದೊಡ್ಡದು. ಅದು ಕೂತಿರುವ ಮೂಳೆಯ ತೊಟ್ಟಿಲು ಸ್ಫೀನಾಯ್ಡ್ ಸೈನಸ್‌ನ ಛಾವಣಿಯೂ ಹೌದು. ಮೂಗಿನ ಮೂಲಕ ಸ್ಫೀನಾಯ್ಡ್ ಹೊಕ್ಕು ಆ ತೆಳು ಮೂಳೆ ತೆಗೆದರೆ ಗ್ರಂಥಿ ಎದುರಿಗೇ ಸಿಗುತ್ತದೆ. ಮೆದುಳನ್ನು ಸರಿಸುವ ಅಗತ್ಯವಿಲ್ಲ. ಎಚ್ಚರ ಬೇಕಾಗುವುದು ಪಕ್ಕದ ಗೋಡೆಗಳಲ್ಲಿ. ಒಂದು ಉಬ್ಬು ಕಣ್ಣಿನ ನರದ್ದು, ಇನ್ನೊಂದು ಕ್ಯಾರೋಟಿಡ್‌ನದು. ಸೈನಸ್‌ನೊಳಗಿನ ಅಡ್ಡಗೋಡೆ ಕೆಲವರಲ್ಲಿ ನೇರ ಆ ಕ್ಯಾರೋಟಿಡ್ ಉಬ್ಬಿಗೇ ಅಂಟಿರುತ್ತದೆ. ಅದನ್ನು ಹಿಡಿದು ತಿರುಚಿದರೆ ಮುಗಿಯಿತು. ಆದ್ದರಿಂದಲೇ ಮೊದಲೇ ಸ್ಕ್ಯಾನ್ ನೋಡಿ ನಕಾಶೆ ಮಾಡಿಕೊಳ್ಳುತ್ತಾರೆ.

ಮನೆಗೆ ಬಂದ ಮೇಲೆ ನೀವು ನೋಡಿಕೊಳ್ಳಬೇಕಾದ್ದು ಒಂದಿದೆ. ಬಗ್ಗಿದಾಗ ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ ನೆಗಡಿ ಅಂತ ಸುಮ್ನೆ ಇರಬೇಡಿ. ಮೆದುಳಿನ ಸುತ್ತಲಿನ ದ್ರವ ಇರಬಹುದು. ತಲೆಗೆ ಪೆಟ್ಟು ಬಿದ್ದವರಿಗೂ ಇದೇ ಮಾತು. ಅಲ್ಲಿ ಸಾಮಾನ್ಯವಾಗಿ ಒಡೆಯುವುದು ಮೂಗಿನ ಛಾವಣಿ. ವಾಸನೆಯ ನರಗಳು ಇಳಿದುಬರಲು ಅದರಲ್ಲಿ ಜರಡಿಯ ಥರ ತೂತುಗಳಿವೆ.

ಇನ್ನೊಬ್ಬರು

ಇಷ್ಟೆಲ್ಲ ತಾಪತ್ರಯ ಇರುವ ಸೈನಸ್ ದೇವರು ಯಾಕೆ ಇಟ್ಟನೋ!

ಡಾಕ್ಟರ್ ಉತ್ತರ

ತಲೆ ಹಗುರ ಮಾಡಲು, ದನಿಗೆ ಗುಂಗು ಕೊಡಲು, ಪೆಟ್ಟು ಬಿದ್ದಾಗ ಮೆತ್ತೆಯಾಗಲು, ಹೀಗೆ ಒಬ್ಬೊಬ್ಬರು ಒಂದೊಂದು ಹೇಳಿದ್ದಾರೆ. ಒಂದೂ ಎಲ್ಲರೂ ಒಪ್ಪುವ ಹಾಗೆ ಸಾಬೀತಾಗಿಲ್ಲ. 1489ರಲ್ಲಿ ಲಿಯೊನಾರ್ಡೊ ಡ ವಿಂಚಿ ಕೆನ್ನೆಯ ಸೈನಸ್ ಚಿತ್ರ ಬರೆದಿದ್ದ. ಅಂದಿನಿಂದ ಜಗಳ ನಡೆದೇ ಇದೆ. ನಮ್ಮ ಹೊಟ್ಟೆಪಾಡಿಗೆ ಅಂತಲೂ ಅಂದುಕೊಳ್ಳಬಹುದು.

ಪ್ರಶ್ನೆ ಕೇಳಿದವರು

ಈಗ ಸ್ವಲ್ಪ ಧೈರ್ಯ ಬಂತು. ಮುಂದಿನ ವಾರ ಡಾಕ್ಟರನ್ನು ಏನು ಕೇಳಲಿ?

ಡಾಕ್ಟರ್ ಉತ್ತರ

ಕಾಗದದ ರಿಪೋರ್ಟ್ ಮಾತ್ರ ಅಲ್ಲ, ಸ್ಕ್ಯಾನ್ ಫಿಲ್ಮ್ ಅಥವಾ ಸಿ.ಡಿ. ಒಯ್ಯಿರಿ. ಬಲಗಡೆ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ತೋರಿಸಿ ಅನ್ನಿ. ದುರ್ಬೀನು ಹಾಕಿ ನೋಡಿದಾಗ ಕೀವು ಕಂಡಿತಾ ಕೇಳಿ. ಮೂಗು ಸೋರದೆ, ವಾಸನೆ ಹೋಗದೆ, ಬರೀ ಹಣೆ ನೋವು ಬಂದು ಬಂದು ಹೋಗುತ್ತಿದ್ದರೆ ಅದನ್ನೂ ಹೇಳಿ. ಸೈನಸ್ ತಲೆನೋವು ಅಂದುಕೊಂಡದ್ದು ಮೈಗ್ರೇನ್ ಆಗಿರುವುದು ಬಹಳ ಸಲ. ಮತ್ತೆ, ಈಗ ಮೂಗಿಗೆ ಏನಾದರೂ ಹಾಕುತ್ತಿದ್ದೀರಾ?

ಪ್ರಶ್ನೆ ಕೇಳಿದವರು

ಮೂಗು ಬಿಡಿಸುವ ಡ್ರಾಪ್ಸ್ ಮೇಡಂ, ಜೈಲೋಮೆಟಾಜೊಲಿನ್. ಹಾಕಿದ ಕೂಡಲೇ ಬಿಟ್ಟುಕೊಳ್ಳುತ್ತದೆ. ಎರಡೂವರೆ ತಿಂಗಳಾಯಿತು. ಈಗ ದಿನಕ್ಕೆ ಐದಾರು ಸಲ ಬೇಕಾಗುತ್ತಿದೆ. ಅದು ಔಷಧಿ ಅಂತ ಅನ್ನಿಸಲೇ ಇಲ್ಲ, ಅವರಿಗೆ ಹೇಳಿಲ್ಲ.

ಡಾಕ್ಟರ್ ಉತ್ತರ

ಆ ಡ್ರಾಪ್ಸ್ ಟರ್ಬಿನೇಟ್‌ನ ಸ್ಪಂಜಿನಿಂದ ರಕ್ತ ಹಿಂಡುತ್ತದೆ. ಮೂರರಿಂದ ಐದು ದಿನಕ್ಕಿಂತ ಜಾಸ್ತಿ ಹಾಕಬಾರದು. ಅದಕ್ಕಿಂತ ಮುಂದುವರಿದರೆ ಪ್ರತಿ ಸಲ ಔಷಧಿಯ ಪ್ರಭಾವ ಇಳಿದಾಗ ಸ್ಪಂಜು ಮೊದಲಿಗಿಂತ ಹೆಚ್ಚು ಊದುತ್ತದೆ, ಮತ್ತೆ ಹಾಕುತ್ತೀರಿ. ನಿಮ್ಮ ಮೂಗು ಕಟ್ಟುವುದಕ್ಕೆ ಬಹುಶಃ ಇದೇ ದೊಡ್ಡ ಕಾರಣ, ನಡುಗೋಡೆಯಲ್ಲ. ಬಿಡುವುದು ಹೇಗೆ ಅಂತ ಅವರೇ ಹೇಳುತ್ತಾರೆ, ಸಾಮಾನ್ಯವಾಗಿ ಸ್ಟೀರಾಯ್ಡ್ ಸ್ಪ್ರೇ ಜೊತೆಗೆ ಬಿಡಿಸುತ್ತೇವೆ. ಸ್ಪ್ರೇ ಕೊಟ್ಟರೆ ತುದಿಯನ್ನು ನಡುಗೋಡೆಯ ಕಡೆ ಹಿಡಿಯಬೇಡಿ, ಅದೇ ಕಡೆಯ ಕಿವಿಯತ್ತ ತಿರುಗಿಸಿ. ಗೋಡೆಗೆ ಹೊಡೆದರೆ ರಕ್ತ ಬರುತ್ತದೆ.

ಮುಂದಿನ ವಾರದವರೆಗೆ ಕಾಯಬೇಡಿ. ನಾಳೆ ಬೆಳಿಗ್ಗೆ ಫೋನ್ ಮಾಡಿ ಡ್ರಾಪ್ಸ್ ವಿಷಯ ಹೇಳಿಬಿಡಿ.