ಉಗಾಂಡಾದ ಕಾಡಿನಲ್ಲಿ ಚಿಂಪಾಂಜಿ ನೋಡುವ ಚಾರಣ: ಅರವತ್ತು ದಾಟಿದವರು ಹೋಗಬಹುದೇ, ಹೋಗುವುದು ಸರಿಯೇ?

ನೀರ್ಚಾಲು ಮಾಸ್ತರ (ಪ್ರಶ್ನೆ)

ಬಳಗದವರಿಗೆಲ್ಲ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ನೀರ್ಚಾಲಿನವನು; ಕನ್ನಡ ಮಾಧ್ಯಮದ ಶಾಲೆಯಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾಗಿದ್ದೇನೆ. ನನಗೆ 64 ವರ್ಷ, ಮಡದಿಗೆ 59. ಮಡದಿಯ ತಮ್ಮ ಕಂಪಾಲಾದಲ್ಲಿ ಉದ್ಯೋಗದಲ್ಲಿದ್ದು, ಬರುವ ಜನವರಿಯಲ್ಲಿ ಇಬ್ಬರೂ ಬಂದು ಒಂದು ತಿಂಗಳು ಇದ್ದು ಹೋಗಬೇಕೆಂದು ಒತ್ತಾಯಿಸುತ್ತಿದ್ದಾನೆ. ಪಶ್ಚಿಮ ಉಗಾಂಡಾದ ಕಿಬಾಲೆ ಕಾಡಿನಲ್ಲಿ ಮಾರ್ಗದರ್ಶಿಯ ಜೊತೆ ನಡೆದುಹೋಗಿ ಚಿಂಪಾಂಜಿಗಳನ್ನು ನೋಡುವ ವ್ಯವಸ್ಥೆಯಿದೆ, ಅಲ್ಲಿಗೂ ಕರೆದೊಯ್ಯುತ್ತೇನೆ ಎನ್ನುತ್ತಾನೆ.

1960ರಲ್ಲಿ ಚಿಂಪಾಂಜಿಗಳ ಸಂಶೋಧಕಿ ಜೇನ್ ಗುಡಾಲ್ ಅವರು ಟಾಂಜಾನಿಯದ ಗೊಂಬೆಯಲ್ಲಿ, ಚಿಂಪಾಂಜಿಯೊಂದು ಹುಲ್ಲಿನ ಕಡ್ಡಿಯನ್ನು ಹುತ್ತದೊಳಗೆ ಇಳಿಸಿ, ಅದಕ್ಕೆ ಕಚ್ಚಿಕೊಂಡು ಬಂದ ಗೆದ್ದಲನ್ನು ತಿನ್ನುವುದನ್ನು ಕಂಡ ಸಂಗತಿಯನ್ನು ನಾನು ಪ್ರತಿವರ್ಷವೂ ಮಕ್ಕಳಿಗೆ ಹೇಳುತ್ತಿದ್ದೆ. ಶಾಲೆಯ ಹಿಂದಿನ ಗುಡ್ಡದಲ್ಲಿದ್ದ ಹುತ್ತದ ಬಳಿಗೆ ಕರೆದೊಯ್ದು, ಮುಳಿಹುಲ್ಲಿನ ಕಡ್ಡಿಯೊಂದನ್ನು ಇಳಿಸಿ ತೋರಿಸಿದ್ದೂ ಉಂಟು. 2025ರ ಅಕ್ಟೋಬರ್ 1ರಂದು ಆ ತಾಯಿ ತೀರಿಕೊಂಡ ಸುದ್ದಿಯನ್ನು ಓದಿದಾಗಿನಿಂದ, ಬದುಕಿನಲ್ಲಿ ಒಮ್ಮೆಯಾದರೂ ಆ ಜೀವಿಗಳನ್ನು ಅವುಗಳ ಕಾಡಿನಲ್ಲೇ ನೋಡಬೇಕೆಂಬ ಆಸೆ ಬಲವಾಗಿದೆ.

ನನ್ನ ಸಂದೇಹಗಳು ಇವು. ಎಡಮೊಣಕಾಲಿನ ನೋವಿರುವ ನಾನು ಆ ಕಾಡಿನಲ್ಲಿ ನಡೆಯಬಲ್ಲೆನೇ? ಹಳದಿ ಜ್ವರದ ಲಸಿಕೆ ಕಡ್ಡಾಯವೆಂದು ಕೇಳಿದ್ದೇನೆ. ಈ ವಯಸ್ಸಿನಲ್ಲಿ ಅದನ್ನು ಹಾಕಿಸಿಕೊಳ್ಳಬಹುದೇ? ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮಂಥವರು ದಿನವೂ ಗುಂಪುಗುಂಪಾಗಿ ಹೋಗಿ ನಿಲ್ಲುವುದರಿಂದ ಆ ಪ್ರಾಣಿಗಳಿಗೆ ಕೇಡಾಗುವುದಿಲ್ಲವೇ? ಕೇಡಾಗುವುದಾದರೆ ಆಸೆಯನ್ನು ಬಿಟ್ಟುಬಿಡಲು ನಾನು ಸಿದ್ಧ.

ಮುಳ್ಳೇರಿಯ ಚಾರಣಿಗ

ಮಾಸ್ತರರೇ, ನಾನು 2023ರ ಫೆಬ್ರವರಿಯಲ್ಲಿ ಕಿಬಾಲೆಗೆ ಹೋಗಿ ಬಂದವನು. ಕಂಡದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಕಿಬಾಲೆ 1932ರಿಂದ ಮೀಸಲು ಅರಣ್ಯವಾಗಿದ್ದು 1993ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಹದಿಮೂರು ಜಾತಿಯ ವಾನರಗಳು ಅಲ್ಲಿವೆ. ಚಿಂಪಾಂಜಿಗಳೇ ಸುಮಾರು ಒಂದೂವರೆ ಸಾವಿರ. ಫೋರ್ಟ್ ಪೋರ್ಟಲ್ ಪಟ್ಟಣದಿಂದ ಸುಮಾರು 35 ಕಿ.ಮೀ. ದೂರದ ಕನ್ಯಾಂಚು ಎಂಬಲ್ಲಿ ಅರಣ್ಯ ಸಿಬ್ಬಂದಿಯ ಕೇಂದ್ರವಿದ್ದು, ಚಾರಣ ಅಲ್ಲಿಂದಲೇ ಹೊರಡುತ್ತದೆ. ಬೆಳಿಗ್ಗೆ ಒಂದು ಸರದಿ, ಮಧ್ಯಾಹ್ನದ ಮೇಲೆ ಇನ್ನೊಂದು. ಒಬ್ಬ ರೇಂಜರ್ ಜೊತೆಗೆ ಆರು ಮಂದಿಗಿಂತ ಹೆಚ್ಚು ಇರುವಂತಿಲ್ಲ. ಚಿಂಪಾಂಜಿಗಳು ಕಂಡ ಗಳಿಗೆಯಿಂದ ಲೆಕ್ಕ ಹಿಡಿದು ಒಂದು ಗಂಟೆ ಮಾತ್ರ ಅವುಗಳ ಹತ್ತಿರ ಇರಬಹುದು. ಮುಖಕ್ಕೆ ಮಾಸ್ಕ್ ಇರಲೇಬೇಕು, ಕನಿಷ್ಠ 10 ಮೀಟರ್ ದೂರ ನಿಲ್ಲಬೇಕು. ಅವುಗಳ ಎದುರಿನಲ್ಲಿ ಏನನ್ನೂ ತಿನ್ನುವಂತಿಲ್ಲ, ಕಾಡಿನೊಳಗೆ ಉಗುಳುವಂತಿಲ್ಲ. ನಮ್ಮ ಕಡೆಯವರಿಗೆ ಇದನ್ನು ಒತ್ತಿ ಹೇಳಬೇಕು. ಎಲೆಯಡಿಕೆಯ ಚೀಲವನ್ನು ಕೋಣೆಯಲ್ಲೇ ಬಿಟ್ಟು ಹೊರಡಿ.

ನಾವು ಆರು ಮಂದಿಯಿದ್ದೆವು. ರೇಂಜರ್ ನಿಯಮಗಳನ್ನು ವಿವರಿಸುತ್ತಿದ್ದಾಗ ಗುಂಪಿನ ಒಬ್ಬ ಯುವಕ ಎರಡು ಸಲ ಕೆಮ್ಮಿದ. ಆಕೆ (ನಮ್ಮ ರೇಂಜರ್ ಒಬ್ಬ ಹೆಣ್ಣುಮಗಳು) ಮಾತು ನಿಲ್ಲಿಸಿ, ಎಷ್ಟು ದಿನದಿಂದ ಕೆಮ್ಮು ಎಂದು ಕೇಳಿದಳು. ಧೂಳಿನಿಂದ ಎಂದು ಆತ ಮೊದಲು ಹೇಳಿದರೂ, ಹಿಂದಿನ ರಾತ್ರಿ ಜ್ವರ ಬಂದಿತ್ತೆಂಬುದು ಕೊನೆಗೆ ತಿಳಿಯಿತು. ಆತನನ್ನು ಕೇಂದ್ರದಲ್ಲೇ ಉಳಿಸಿ ಐದೇ ಮಂದಿ ಹೊರಟೆವು. ಆಗ ಚಾರಣದ ಪರ್ಮಿಟ್ ಶುಲ್ಕ 200 ಡಾಲರ್ ಇತ್ತು, 2024ರ ಜುಲೈಯಿಂದ ವಿದೇಶೀಯರಿಗೆ 250 ಡಾಲರ್ ಆಯಿತು. ಅಷ್ಟು ಹಣ ಕಟ್ಟಿ ಬಂದವನನ್ನು ನಿಲ್ಲಿಸುವುದು ಸುಲಭದ ಮಾತಲ್ಲ. ಆಕೆಯ ಬಗ್ಗೆ ನನಗೆ ಅಂದೇ ಗೌರವ ಮೂಡಿತು.

ಅರ್ಧ ಗಂಟೆ ನಡೆದ ಮೇಲೆ ಮೊದಲು ಕೇಳಿಸಿದ್ದು ಸದ್ದು. ಅಲ್ಲಿನ ದೊಡ್ಡ ಮರಗಳ ಬುಡದಲ್ಲಿ ಹಲಗೆಯಂತೆ ಎದ್ದು ನಿಂತ ಬೇರುಗಳಿರುತ್ತವೆ. ಗಂಡು ಚಿಂಪಾಂಜಿ ಓಡುತ್ತ ಬಂದು ಆ ಹಲಗೆಬೇರಿಗೆ ಕೈಕಾಲುಗಳಿಂದ ಬಡಿಯುತ್ತದೆ. ರಾತ್ರಿ ದೂರದ ಬಯಲಿನಿಂದ ಕೇಳಿಬರುವ ಚೆಂಡೆಯ ಪೆಟ್ಟಿನಂತೆ ಅದು ಎದೆಗೆ ತಟ್ಟಿತು. ಕೂಡಲೇ ನಾಲ್ಕು ದಿಕ್ಕಿನಿಂದಲೂ ಏರುತ್ತ ಹೋಗುವ ಕೂಗು. ಒಂದೇ ಸಮುದಾಯದ ಚಿಂಪಾಂಜಿಗಳು ಹಗಲಿನಲ್ಲಿ ಸಣ್ಣ ಸಣ್ಣ ಗುಂಪುಗಳಾಗಿ ಚದುರಿ, ಮತ್ತೆ ಕೂಡಿ, ಮತ್ತೆ ಚದುರುವುದರಿಂದ, ಯಾರು ಎಲ್ಲಿದ್ದಾರೆಂದು ತಿಳಿಯಲು ಈ ಸದ್ದುಗಳೇ ಆಧಾರ ಎಂದು ರೇಂಜರ್ ವಿವರಿಸಿದಳು.

ಬಳಿಕ ಒಂದು ಅತ್ತಿಮರದ ಕೆಳಗೆ ಪ್ರಾಯದ ಗಂಡೊಂದು ಕುಳಿತಿರುವುದನ್ನು ಕಂಡೆವು. ಅದರ ಕೆಳದುಟಿ ಮುಂದಕ್ಕೆ ಚಾಚಿ ತುಂಬಿಕೊಂಡಿತ್ತು. ಹಣ್ಣುಗಳನ್ನು ಜಗಿದು ಮುದ್ದೆ ಮಾಡಿ, ತುಟಿಗೂ ಹಲ್ಲಿಗೂ ನಡುವೆ ಒತ್ತಿಟ್ಟುಕೊಂಡು, ರಸವನ್ನಷ್ಟೇ ಹೀರುತ್ತಿತ್ತು. ಊಟದ ನಂತರ ಚಾವಡಿಯಲ್ಲಿ ಕವಳ ಹಾಕಿ ಕುಳಿತಿರುತ್ತಿದ್ದ ನನ್ನ ಅಜ್ಜನ ಮುಖ ಕಣ್ಣೆದುರು ಬಂತು. ಸ್ವಲ್ಪ ಹೊತ್ತಿನ ಮೇಲೆ ಚರಟವನ್ನು ಉಗಿದು, ಎದ್ದು, ಕೈಬೆರಳುಗಳ ಗೆಣ್ಣುಗಳನ್ನು ನೆಲಕ್ಕೆ ಊರಿ ನಡೆಯಿತು. ಆಗ ನೋಡಿದೆ: ಬಲಗೈಯಲ್ಲಿ ಎರಡು ಬೆರಳುಗಳೇ ಇರಲಿಲ್ಲ. ಕಾಡುಹಂದಿಗೂ ಸಣ್ಣ ಜಿಂಕೆಗಳಿಗೂ ಇಟ್ಟ ತಂತಿಯ ಉರುಳಿಗೆ ಸಿಕ್ಕಿ ಹೋದವು ಎಂದು ರೇಂಜರ್ ಹೇಳಿದಳು. ಉರುಳು ಹುಡುಕಿ ತೆಗೆಯುವ ತಂಡ ಆ ಕಾಡಿನಲ್ಲಿ 1997ರಿಂದ ಕೆಲಸ ಮಾಡುತ್ತಿದ್ದರೂ, ಕೈಕಾಲು ಊನವಾದ ಚಿಂಪಾಂಜಿಗಳು ಈಗಲೂ ಅಪರೂಪವಲ್ಲ.

ನಿಮ್ಮ ಮೊಣಕಾಲಿನ ವಿಚಾರ. ಕಿಬಾಲೆಯ ನೆಲ ನಮ್ಮ ರಾಣಿಪುರ ಬೆಟ್ಟದ ಏರಿನಂತಲ್ಲ. ಬಹುಪಾಲು ಸಮತಟ್ಟು, ನಡುನಡುವೆ ತಗ್ಗುದಿಣ್ಣೆ. ಆದರೆ ಪ್ರಾಣಿಗಳು ಸರಿದಾಗ ಕಾಲುದಾರಿ ಬಿಟ್ಟು ಪೊದೆಯೊಳಗೆ ನುಗ್ಗಬೇಕಾಗುತ್ತದೆ, ಬೇರುಗಳು ಕಾಲಿಗೆ ತೊಡರುತ್ತವೆ. ಒಟ್ಟು ಎರಡರಿಂದ ನಾಲ್ಕು ಗಂಟೆ ಹಿಡಿಯಬಹುದು. ಚೀಲ ಹೊರಲು, ಕೈ ಹಿಡಿದು ದಾಟಿಸಲು ಊರಿನವರೇ ಕೂಲಿಗೆ ಸಿಗುತ್ತಾರೆ, ನಾಚಿಕೆಪಡದೆ ಕರೆದುಕೊಳ್ಳಿ. ಕ್ಯಾಂಬುರಾ ಕಮರಿ ಎಂಬ ಇನ್ನೊಂದು ಜಾಗವನ್ನು ಯಾರಾದರೂ ಸೂಚಿಸಿದರೆ ಬೇಡವೆನ್ನಿ, ಅಲ್ಲಿ ಕಡಿದಾದ ಇಳಿತವಿದೆ. ಕಲಿಂಜು ಎಂಬ ಮೀಸಲು ಅರಣ್ಯದಲ್ಲಿ ಶುಲ್ಕ ಕಡಿಮೆ. ಅದನ್ನು ನೋಡಿಕೊಳ್ಳುವುದು ಉದ್ಯಾನಗಳ ಇಲಾಖೆಯಲ್ಲ, ಅಲ್ಲಿನ ರಾಷ್ಟ್ರೀಯ ಅರಣ್ಯ ಪ್ರಾಧಿಕಾರ. ಜನವರಿ ಒಣಗಾಲವಾದ್ದರಿಂದ ಒಳ್ಳೆಯ ಆಯ್ಕೆ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಳ್ಳಿ. ಜಿಗಣೆಗಳಿಗಾಗಿ ಅಲ್ಲ, ಸಾಲುಗಟ್ಟಿ ಹೋಗುವ ಸಫಾರಿ ಇರುವೆಗಳಿಗಾಗಿ.

ಒಂದು ಎಚ್ಚರಿಕೆ. ನಾನು ಹಣ ಕೊಟ್ಟಿದ್ದ ಪ್ರವಾಸ ಸಂಸ್ಥೆಯವರು ಪರ್ಮಿಟ್ ಆಗಿದೆ ಎಂದೇ ಹೇಳುತ್ತಿದ್ದರು, ಹೊರಡುವ ವಾರ ವಿಚಾರಿಸಿದರೆ ಆಗಿರಲಿಲ್ಲ. ಪರ್ಮಿಟ್‌ನ ಪ್ರತಿ ನಿಮ್ಮ ಕೈಗೆ ಬರುವ ತನಕ ವಿಮಾನದ ಟಿಕೆಟ್ ಮಾಡಿಸಬೇಡಿ.

ಬದಿಯಡ್ಕ ವೈದ್ಯೆ

ಮಾಸ್ತರರ ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳಿಗೆ ಉತ್ತರಿಸುತ್ತೇನೆ.

ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವಿಲ್ಲದೆ ಉಗಾಂಡಾ ಪ್ರವೇಶವಿಲ್ಲ. ಹಿಂದಿರುಗುವಾಗಲೂ ಅದು ಬೇಕು. ಇಲ್ಲದವರನ್ನು ಭಾರತದ ವಿಮಾನ ನಿಲ್ದಾಣದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ. ಸರಕಾರ ಅಧಿಕೃತಗೊಳಿಸಿದ ಕೇಂದ್ರಗಳಲ್ಲಿ ಮಾತ್ರ ಲಸಿಕೆ ಹಾಕಿಸಬೇಕು. ಪ್ರಮಾಣಪತ್ರ ಹತ್ತು ದಿನಗಳ ನಂತರವಷ್ಟೇ ಊರ್ಜಿತವಾಗುತ್ತದೆ, ಆಮೇಲೆ ಜೀವಮಾನವಿಡೀ ಸಲ್ಲುತ್ತದೆ. ಇದು ದುರ್ಬಲಗೊಳಿಸಿದ ಜೀವಂತ ವೈರಾಣುವಿನ ಲಸಿಕೆಯಾದ್ದರಿಂದ, ಅರವತ್ತು ದಾಟಿ ಮೊದಲ ಬಾರಿಗೆ ಹಾಕಿಸಿಕೊಳ್ಳುವವರಲ್ಲಿ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಎಳೆಯರಿಗಿಂತ ಹೆಚ್ಚು. ಹಾಗೆಂದು ಅದು ಸಾಮಾನ್ಯವೇನಲ್ಲ, ಅಪರೂಪವೇ. ಮೊಟ್ಟೆಯ ತೀವ್ರ ಅಲರ್ಜಿ, ಥೈಮಸ್ ಗ್ರಂಥಿಯ ಕಾಯಿಲೆ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಗಳ ಸೇವನೆ, ಇವುಗಳಲ್ಲಿ ಯಾವುದಿದ್ದರೂ ಮೊದಲೇ ತಿಳಿಸಬೇಕು. ಮೊಣಕಾಲಿಗೆ ಏನು ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನೂ ನಿಮ್ಮ ವೈದ್ಯರಿಗೆ ತೋರಿಸಿಯೇ ನಿರ್ಧರಿಸಿ. ಮಲೇರಿಯಾ ತಡೆಗಟ್ಟುವ ಮಾತ್ರೆಯನ್ನೂ ಅವರಲ್ಲೇ ಕೇಳಿ. ಕೆಲವು ಮಾತ್ರೆಗಳನ್ನು ಹೊರಡುವ ಮೊದಲೇ ಆರಂಭಿಸಬೇಕು, ಮರಳಿದ ಮೇಲೂ ಮುಂದುವರಿಸಬೇಕು.

ಇನ್ನು ಕೇಡಿನ ಪ್ರಶ್ನೆ. ಮಂಗನ ಕಾಯಿಲೆ ಎಂಬ ಹೆಸರು ಕೇಳಿ ಬೆಳೆದ ನಮಗೆ, ರೋಗ ಕಾಡಿನಿಂದ ನಮ್ಮ ಕಡೆಗೆ ಬರುತ್ತದೆ ಎಂಬ ಭಾವನೆ ಗಟ್ಟಿಯಾಗಿದೆ. ಚಿಂಪಾಂಜಿಗಳ ವಿಷಯದಲ್ಲಿ ಭಯಪಡಬೇಕಾದದ್ದು ನಮ್ಮಿಂದ ಅವಕ್ಕೆ ಹೋಗುವ ರೋಗಕ್ಕೆ. ಕಿಬಾಲೆಯ ಕನ್ಯವಾರ ಎಂಬ ಭಾಗದಲ್ಲಿ 2013ರಲ್ಲಿ 56 ಚಿಂಪಾಂಜಿಗಳ ಸಮುದಾಯವೊಂದಕ್ಕೆ ಕೆಮ್ಮು ತಗುಲಿ ಐದು ಸತ್ತವು. ಕಾರಣ ರೈನೋವೈರಸ್ ಸಿ. ನಮ್ಮ ಮಕ್ಕಳಿಗೆ ಮೂಗು ಸೋರಿಸಿ ಶಾಲೆ ತಪ್ಪಿಸುವ ಶೀತದ ವೈರಾಣು. ಐವರಿ ಕೋಸ್ಟಿನ ತಾಯ್ ಕಾಡಿನಲ್ಲಿ ಸತ್ತ ಚಿಂಪಾಂಜಿಗಳ ದೇಹದಲ್ಲಿಯೂ ಮನುಷ್ಯರ ಉಸಿರಾಟದ ವೈರಾಣುಗಳು ಸಿಕ್ಕಿದ್ದನ್ನು 2008ರಲ್ಲಿ ಪ್ರಕಟಿಸಿದರು. ಹೆಣ್ಣು ಚಿಂಪಾಂಜಿ ಐದಾರು ವರ್ಷಕ್ಕೊಮ್ಮೆ ಒಂದು ಮರಿ ಹಾಕುತ್ತದೆ. ಐದು ಸಾವುಗಳನ್ನು ತುಂಬಿಕೊಳ್ಳಲು ಎಷ್ಟು ಕಾಲ ಬೇಕೆಂದು ನೀವೇ ಲೆಕ್ಕ ಹಾಕಬಲ್ಲಿರಿ.

ಆದ್ದರಿಂದ ನನ್ನ ಸಲಹೆ ಇಷ್ಟು: ವಿಮಾನದಲ್ಲಿ ಶೀತ ಅಂಟುವುದು ಮಾಮೂಲು. ಎಂಟೆಬ್ಬೆ ವಿಮಾನ ನಿಲ್ದಾಣದಲ್ಲಿ ಇಳಿದ ಮರುದಿನವೇ ಕಾಡಿಗೆ ಹೋಗುವಂತೆ ಪರ್ಮಿಟ್ ಮಾಡಿಸಬೇಡಿ. ತಿಂಗಳು ಇರುತ್ತೀರಲ್ಲವೇ, ಹದಿನೈದನೆಯ ದಿನದ ಆಚೆಗೆ ಇಟ್ಟುಕೊಳ್ಳಿ. ಹೊರಡುವ ಎರಡು ವಾರ ಮುಂಚೆ ಫ್ಲೂ ಲಸಿಕೆ ಹಾಕಿಸಿ. ಆ ದಿನ ಗಂಟಲು ಕೆರೆದರೂ ಸಾಕು, ಹೋಗಬೇಡಿ. ರೇಂಜರ್ ಕೇಳುವವರೆಗೆ ಕಾಯಬೇಡಿ.

ಪೆರ್ಲ ಕೃಷಿಕ

ಎಲ್ಲವನ್ನೂ ಓದಿದೆ. ಸಿಟ್ಟಿನಿಂದ ಕೇಳುತ್ತಿಲ್ಲ, ಆದರೆ ಕೇಳಲೇಬೇಕು. ನಮ್ಮ ತೋಟದಲ್ಲಿ ಮಂಗಗಳು ಬೊಂಡ ಕಿತ್ತು ಹಾಕುತ್ತವೆ, ಕೊಕ್ಕೋ ಹಣ್ಣಾಗಲು ಬಿಡುವುದಿಲ್ಲ. ಹಂದಿಗಳು ಎರಡು ವರ್ಷದ ಅಡಿಕೆ ಸಸಿಗಳನ್ನು ಬುಡಸಮೇತ ಅಗೆದು ಹಾಕುತ್ತವೆ. ಕಳೆದ ಮಳೆಗಾಲದಲ್ಲಿ ನೆಟ್ಟ ನಲವತ್ತರಲ್ಲಿ ಹದಿನೇಳು ಉಳಿದಿವೆ. ಪರಿಹಾರಕ್ಕೆ ಅರ್ಜಿ ಬರೆದು ಬರೆದು ಸಾಕಾಗಿದೆ. ಕಿಬಾಲೆಯ ಅಂಚಿನಲ್ಲಿಯೂ ಬಾಳೆ, ಜೋಳ ಬೆಳೆಯುವ ನಮ್ಮಂಥ ಬಡವರು ಇರಲೇಬೇಕಲ್ಲ? ಉರುಳು ಇಟ್ಟವನೂ ಅವರಲ್ಲೊಬ್ಬನೇ ಇರಬೇಕು. ನೀವು ಕೊಡುವ 250 ಡಾಲರಿನಲ್ಲಿ ಆತನಿಗೆ ಏನು ಸಿಗುತ್ತದೆ?

ಮುಳ್ಳೇರಿಯ ಚಾರಣಿಗ

ಅಣ್ಣ, ನ್ಯಾಯವಾದ ಪ್ರಶ್ನೆ. ನಿಮ್ಮಷ್ಟೇ ಕಷ್ಟ ಅವರಿಗೂ ಇದೆ. ಚಿಂಪಾಂಜಿಗಳು ಬಾಳೆಗೂ ಜೋಳಕ್ಕೂ ಬರುತ್ತವೆ, ಅದಕ್ಕಿಂತ ದೊಡ್ಡ ಕಾಟ ಆನೆಗಳದು. ಕಾಡಿನ ಅಂಚಿನಲ್ಲಿ ಆನೆಗಳನ್ನು ತಡೆಯಲು ಕಂದಕ ತೋಡಿದ್ದನ್ನು ಕಂಡೆ.

ಉದ್ಯಾನದ ಪ್ರವೇಶ ಶುಲ್ಕದ ಶೇಕಡಾ 20ರಷ್ಟನ್ನು ಸುತ್ತಲಿನ ಊರುಗಳಿಗೆ ಕೊಡಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ. ಆದರೆ ಪ್ರವೇಶ ಶುಲ್ಕ ಬೇರೆ, ಚಿಂಪಾಂಜಿ ಪರ್ಮಿಟ್‌ನ ಹಣ ಬೇರೆ. ಅಲ್ಲದೆ ಊರಿಗೆ ಬಂದ ಹಣ ಶಾಲೆಗೋ ರಸ್ತೆಗೋ ಹೋಗುತ್ತದೆಯೇ ಹೊರತು ಬಾಳೆಗೊನೆ ಕಳೆದುಕೊಂಡವನ ಕೈಗೆ ನೇರವಾಗಿ ಬರುವುದು ಕಡಿಮೆ. ಇಲ್ಲಿ ನಿಮ್ಮ ಆಕ್ಷೇಪ ಸರಿಯೇ, ನಾನು ಅಲ್ಲಗಳೆಯಲಾರೆ.

ನಾನು ಕಣ್ಣಾರೆ ಕಂಡ ಒಳ್ಳೆಯ ಮಾದರಿ ಬಿಗೋಡಿ. ಕನ್ಯಾಂಚುವಿನ ಹತ್ತಿರವೇ ಇರುವ ಆ ಹಳ್ಳಿಯವರು ತಮ್ಮ ಜೌಗು ನೆಲವನ್ನು 1992ರಿಂದ ತಾವೇ ಕಾಪಾಡಿ, ಪ್ರವಾಸಿಗರನ್ನು ತಾವೇ ನಡೆಸಿ, ಬಂದ ಹಣದಿಂದ ಒಂದು ಪ್ರೌಢಶಾಲೆಯನ್ನು ಕಟ್ಟಿಕೊಂಡಿದ್ದಾರೆ. ಮಾಸ್ತರರು ಚಾರಣದ ದಿನ ಮಧ್ಯಾಹ್ನ ಅಲ್ಲಿಗೂ ಹೋಗಲಿ. ದಾರಿ ಸಲೀಸು, ಕೊಡುವ ಹಣ ಊರಿನಲ್ಲೇ ಉಳಿಯುತ್ತದೆ.

ಮತ್ತೊಂದು ಮಾತು ಮಾಸ್ತರರಿಗೆ. ಮನುಷ್ಯರನ್ನು ಕಂಡು ಓಡದಂತೆ ಒಂದು ಸಮುದಾಯವನ್ನು ರೂಢಿ ಮಾಡಿಸಲು ಸಿಬ್ಬಂದಿ ದಿನವೂ ಹಿಂಬಾಲಿಸಿ ವರ್ಷಗಟ್ಟಲೆ ದುಡಿಯುತ್ತಾರೆ. ನಮ್ಮನ್ನು ನಂಬಿದ್ದರಿಂದಲೇ ಆ ಪ್ರಾಣಿ ನಮ್ಮ ಉಸಿರಿಗೆ ಹತ್ತಿರವಾಗುತ್ತದೆ. ಹಾಗಾಗಿ ವೈದ್ಯೆ ಅಕ್ಕ ಹೇಳಿದ್ದಕ್ಕೆ ಒಂದಕ್ಷರವನ್ನೂ ನಾನು ಕಡಿಮೆ ಮಾಡುವುದಿಲ್ಲ.

ನೀರ್ಚಾಲು ಮಾಸ್ತರ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಮಡದಿಗೂ ಓದಿ ಹೇಳಿದೆ. ನಿನ್ನೆ ನಮ್ಮ ವೈದ್ಯರನ್ನು ಕಂಡು ಮಾತ್ರೆಗಳ ಚೀಟಿ ತೋರಿಸಿದೆವು; ಲಸಿಕೆಗೆ ಅಡ್ಡಿಯಿಲ್ಲ, ಆದರೆ ಹಾಕಿಸಿಕೊಂಡ ಮೇಲೆ ಎರಡು ವಾರ ಜ್ವರದ ಮೇಲೆ ಗಮನವಿಡಿ ಎಂದರು. ನವೆಂಬರಿನಲ್ಲೇ ಹಾಕಿಸುತ್ತೇವೆ. ಮಡದಿಯ ತಮ್ಮನಿಗೆ ಫೋನ್ ಮಾಡಿ, ಪರ್ಮಿಟನ್ನು ಜನವರಿ ಮೂರನೆಯ ವಾರಕ್ಕೆ ಮಾಡಿಸಲು, ಬಿಗೋಡಿಗೆ ಅರ್ಧ ದಿನ ಇಟ್ಟುಕೊಳ್ಳಲು ಹೇಳಿದ್ದೇನೆ. ಇಬ್ಬರಲ್ಲಿ ಒಬ್ಬರಿಗೆ ಶೀತವಾದರೆ ಇನ್ನೊಬ್ಬರೂ ಹೋಗುವುದಿಲ್ಲ ಎಂದು ಮಡದಿಯೇ ಹೇಳಿದಳು. ಒಂದೇ ಕೋಣೆಯಲ್ಲಿ ಮಲಗಿದವರಲ್ಲಿ ಯಾರಿಗೆ ಯಾವಾಗ ಅಂಟಿದೆಯೋ ತಿಳಿಯದು ಎಂಬುದು ಅವಳ ವಾದ. ನನಗೂ ಸರಿಯೆನಿಸಿತು.

ಪೆರ್ಲದ ಅಣ್ಣನವರೇ, ಅಲ್ಲಿನ ರೈತರು ಹಂದಿಗೂ ಆನೆಗೂ ಏನು ಉಪಾಯ ಮಾಡುತ್ತಾರೆ ಎಂಬುದನ್ನು ಬಿಗೋಡಿಯಲ್ಲಿ ವಿಚಾರಿಸಿಕೊಂಡು ಬರುತ್ತೇನೆ. ನಿಮ್ಮ ಕಡೆಯಿಂದ ಕೇಳಬೇಕಾದ ಪ್ರಶ್ನೆಗಳಿದ್ದರೆ ಇಲ್ಲಿಯೇ ಬರೆದಿಡಿ. ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೇ ಹೊರಡುತ್ತೇನೆ.