ಗುದ್ದಿಸಿಕೊಂಡ ಸ್ಪ್ಲೆಂಡರ್ ತಗೊಂಡು ಮನೆಯಲ್ಲೇ ರೆಡಿ ಮಾಡಬಹುದಾ?

ಬಳ್ಳಾರಿ_ಬಿಸಿಲು:
ನಮಸ್ಕಾರ ಎಲ್ಲರಿಗೂ. ಗುಂತಕಲ್ ಕಡೆಯವರೊಬ್ಬರು 2008ರ ಹೀರೋ ಹೋಂಡಾ ಸ್ಪ್ಲೆಂಡರ್ ಪ್ಲಸ್ ಮಾರುತ್ತಿದ್ದಾರೆ, ಎಂಟು ಸಾವಿರಕ್ಕೆ ಇಳಿದಿದ್ದಾರೆ. ಟ್ರ್ಯಾಕ್ಟರ್ ಟ್ರೇಲರ್‌ಗೆ ಹಿಂದಿನಿಂದ ಗುದ್ದಿದ ಗಾಡಿ. ಹೆಡ್‌ಲೈಟ್ ಪುಡಿ, ಮುಂದಿನ ಚಕ್ರ ಇಂಜಿನ್ ಕಡೆ ಸರಿದಿದೆ. ಆದರೆ ಒಂದೇ ಕಿಕ್‌ಗೆ ಸ್ಟಾರ್ಟ್ ಆಗುತ್ತೆ, ಹೊಗೆ ಇಲ್ಲ. ಕೆಫೆ ರೇಸರ್ ಥರ ಮಾಡುವ ಆಸೆ. ಹಿಂದಿನ ಚಾಸಿ ಕತ್ತರಿಸಿ ಸಿಂಗಲ್ ಸೀಟ್, ತಗ್ಗಿನ ಹ್ಯಾಂಡಲ್, ಮ್ಯಾಟ್ ಕಪ್ಪು ಬಣ್ಣ, ಜೋರು ಸೌಂಡಿನ ಸೈಲೆನ್ಸರ್. ವೆಲ್ಡಿಂಗ್ ಗೊತ್ತಿರುವ ಮಾವ ಇದ್ದಾರೆ. ಫ್ರೆಂಡ್ಸ್ ಎಲ್ಲ ಹಳೇ ಯಮಹಾ ಆರ್‌ಎಕ್ಸ್ ಬೈಕ್ ತಗೋ ಅಂತಾರೆ, ಅದರ ರೇಟ್ ಕೇಳಿದರೆ ತಲೆ ತಿರುಗುತ್ತೆ. ತಗೊಳ್ಳಲಾ?

ಗ್ರೀಸ್_ಕೈ, ಕೊಪ್ಪಳ:
ತಮ್ಮಾ, ಇಂಜಿನ್ ಬಿಡು, ಅದರ ಸಾಮಾನು ಎಲ್ಲಿ ಬೇಕಾದರೂ ಸಿಗುತ್ತೆ. ಚಾಸಿ ನೋಡು. ಟ್ಯಾಂಕ್ ಬಿಚ್ಚಿಸಿ ಹ್ಯಾಂಡಲ್ ಕೂರುವ ಕತ್ತಿನ ಹಿಂದೆ, ಪೈಪ್ ಬಂದು ಸೇರುವ ಕಡೆ ಬೆರಳಾಡಿಸು. ಬಣ್ಣ ಸಣ್ಣಗೆ ಬಿರುಕು ಬಿಟ್ಟಿದ್ದರೆ, ಪೈಪ್ ಸುಕ್ಕಾಗಿದ್ದರೆ ಸುಮ್ನೆ ವಾಪಸ್ ಬಾ. ಮಾವನ ವೆಲ್ಡಿಂಗ್ ಎಷ್ಟೇ ಚೆನ್ನಾಗಿದ್ದರೂ ಆ ಜಾಗಕ್ಕೆ ಬೇಡ, ಚಾಸಿ ನಂಬರ್ ಇರುವುದೂ ಅಲ್ಲೇ.

ಕತ್ತು ಸರಿ ಇದ್ದರೆ ಬಾಗಿರುವುದು ಬರೀ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದಿರುವ ಜೋಡಿ ಪೈಪ್ ಇರಬಹುದು. ಪೈಪ್ ಎರಡೂ ಹೊರಗೆ ತೆಗೆದು ಗಾಜಿನ ಮೇಲೋ ಗ್ರಾನೈಟ್ ಮೇಲೋ ಉರುಳಿಸು. ಕೆಳಗಿಂದ ಬೆಳಕು ಒಮ್ಮೆ ಕಾಣುತ್ತೆ ಒಮ್ಮೆ ಮುಚ್ಚುತ್ತೆ ಅಂದರೆ ಬೆಂಡ್ ಇದೆ. ಸ್ವಲ್ಪ ಇದ್ದರೆ ಲೇತ್‌ನವರು ಪ್ರೆಸ್‌ನಲ್ಲಿ ಒತ್ತಿ ತೆಗೆಯುತ್ತಾರೆ, ಮಡಿಕೆ ಬಿದ್ದಿದ್ದರೆ ಹೊಸ ಪೈಪ್. ಆ ಪೈಪ್‌ಗಳನ್ನು ಕತ್ತಿಗೆ ಜೋಡಿಸುವ ಟಿ ಪ್ಲೇಟ್ ಚೆಕ್ ಮಾಡು, ಕತ್ತಿನೊಳಗೆ ಹ್ಯಾಂಡಲ್ ತಿರುಗಿಸುವ ಬೇರಿಂಗ್ (ಬಾಲ್ ರೇಸರ್) ಹೇಗಿದ್ದರೂ ಹೊಸದು ಹಾಕು. ಎಲ್ಲ ಕೂರಿಸಿದ ಮೇಲೆ ಹಿಂದಿನ ಟೈರ್‌ಗೆ ದಾರ ಕಟ್ಟಿ ಎರಡೂ ಪಕ್ಕದಿಂದ ಮುಂದಿನ ಟೈರ್‌ತನಕ ಎಳೆ. ಈ ಗಾಡಿಗೆ ಕಂಪನಿಯಿಂದ ಬರುವುದು ಎರಡೂ ಕಡೆ 2.75-18 ಟೈರ್, ಅಗಲ ಒಂದೇ, ಹಾಗಾಗಿ ದಾರ ಎರಡೂ ಟೈರ್‌ಗೆ ನೇರವಾಗಿ ಒರಗಬೇಕು.

ಹಿಂದಿನ ಚಾಸಿ ಕತ್ತರಿಸುವ ಆಸೆ ಬಿಡು ಅಂತೀನಿ. ಶಾಕಪ್ ಮೇಲ್ತುದಿ ಕೂರುವುದೇ ಅಲ್ಲಿ.

ಎಡೆದೊರೆ_ಹುಡುಗ, ರಾಯಚೂರು:
ಅಣ್ಣ ಚಾಸಿ ಹೇಳಿದ್ರು, ನಾನು ಕಾಗದ ಹೇಳ್ತೀನಿ. ಆಂಧ್ರದ ಗಾಡಿ ಇಲ್ಲಿ ಅಗ್ಗ ಅನ್ನಿಸುವುದು ಯಾಕೆ ಅಂದರೆ ಉಳಿದ ಖರ್ಚು ನಿಮ್ಮ ತಲೆಗೆ ಬರುತ್ತೆ, ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತರಬೇಕು, ಬಳ್ಳಾರಿಯ ಕೆಎ-34 ನಂಬರ್ ಬೇಕಾದರೆ ಇಲ್ಲಿನ ಟ್ಯಾಕ್ಸ್ ಕಟ್ಟಬೇಕು. 2008ರದ್ದಕ್ಕೆ 15 ವರ್ಷ ಮುಗಿದಿದೆ, ಆರ್‌ಸಿ ರಿನ್ಯೂವಲ್ ಆಗಿದೆಯಾ ಕೇಳಿ. ಆಗಿಲ್ಲದಿದ್ದರೆ ಗಾಡಿ ರಿಪೇರಿ ಮಾಡಿಸಿ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕಾಗುತ್ತೆ. ಸಾಲ ಬಾಕಿ ಇದೆಯಾ, ಅದೂ ನೋಡಿ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ರೂಪ ಬದಲಿಸುವ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಬಣ್ಣ ಬದಲಿಸಬಹುದು, ಆರ್‌ಸಿಯಲ್ಲಿ ಬರೆಸಬೇಕು ಅಷ್ಟೇ. ಸೈಲೆನ್ಸರ್ ಮಾತ್ರ ಬೇಡ್ವೇ ಬೇಡ. ಫೈನ್ ಒಂದು ಕಡೆ, ಓಣಿಯವರ ಬೈಗುಳ ಇನ್ನೊಂದು ಕಡೆ. 97 ಸಿಸಿ ಗಾಡಿಗೆ ಎಂಥ ಗುಡುಗು ಮಾರಾಯಾ!

ಬಳ್ಳಾರಿ_ಬಿಸಿಲು:
ಸೈಲೆನ್ಸರ್ ಕ್ಯಾನ್ಸಲ್ 😄 ಭಾನುವಾರ ಟ್ಯಾಂಕ್ ಬಿಚ್ಚಿಸಿ ನೋಡ್ತೀನಿ. ಬಣ್ಣ ಮನೆಯಲ್ಲೇ ಹೊಡೆಯಬಹುದಾ? ಟ್ಯಾಂಕ್ ಒಳಗೂ ತುಕ್ಕು ಇದೆ.

ಸಂಡೂರು_ಧೂಳು:
ಹೊಡೀಬಹುದು, ನಡು ಮಧ್ಯಾಹ್ನ ಮಾತ್ರ ಬೇಡ. ನಮ್ಮ ಬಿಸಿಲಿಗೆ ತಗಡು ಕಾದು, ಬಣ್ಣ ಹರಡುವ ಮುಂಚೆ ಒಣಗಿ ಕಿತ್ತಳೆ ಸಿಪ್ಪೆ ಥರ ಆಗುತ್ತೆ. ಗಾಳಿ ಇಲ್ಲದ ಬೆಳಗ್ಗೆ, ಶೆಡ್ ನೆಲಕ್ಕೆ ನೀರು ಚಿಮುಕಿಸಿ ಶುರು ಮಾಡಿ. ಅದಿರಿನ ಕೆಂಪು ಧೂಳು ಇರುವ ಕಡೆ ಉಜ್ಜುವ ಮುಂಚೆ ಸೋಪ್ ನೀರಲ್ಲಿ ತೊಳೆಯಲೇಬೇಕು, ಇಲ್ಲಾಂದ್ರೆ ಗೀರು ಬೀಳುತ್ತೆ.

ಟ್ಯಾಂಕ್‌ಗೆ ಪೆಟ್ರೋಲ್ ಖಾಲಿ ಮಾಡಿ, ಹಿಡಿ ನಟ್ಟು ಹಾಕಿ ಕುಲುಕಿಸಿ, ರಾತ್ರಿಯಿಡೀ ವಿನೆಗರ್ ತುಂಬಿಡಿ. ಆಮೇಲೆ ಅಡುಗೆ ಸೋಡಾ ಕಲಸಿದ ನೀರಲ್ಲಿ ತೊಳೆದು ತಕ್ಷಣ ಒಣಗಿಸಿ, ತಡ ಆದರೆ ಮತ್ತೆ ತುಕ್ಕು. ತೂತಿದ್ದರೆ ಮಾವನ ಕೈಗೆ ಕೊಡಬೇಡಿ, ಖಾಲಿ ಟ್ಯಾಂಕ್‌ನಲ್ಲೂ ಆವಿ ಇರುತ್ತೆ, ಕಿಡಿ ತಾಗಿದರೆ ಸಿಡಿಯುತ್ತೆ. ಪೆಟ್ರೋಲ್ ಪೈಪ್, ಕಾರ್ಬೊರೇಟರ್ ರಬ್ಬರ್ ಹೊಸದು ಹಾಕಿ, ಈಗಿನ ಇ20 (20% ಎಥೆನಾಲ್ ಬೆರೆತ) ಪೆಟ್ರೋಲ್‌ಗೆ ಹಳೇ ರಬ್ಬರ್ ಜಾಸ್ತಿ ದಿನ ತಡೆಯಲ್ಲ. ಭಾನುವಾರ ಕತ್ತಿನ ಫೋಟೋ ಹಾಕಿ, ನೋಡೋಣ.